ಒಂದೇ ಹಾಸು, ಬೇರೆ ಬೇರೆ ಹೊಕ್ಕು

ಉಡುಮಲಪೇಟೆಯ ಕಡೆಯ ಓದುಗ ತಾಯಿಯೊಬ್ಬರು ಕಳೆದ ವರ್ಷ ಯುಗಾದಿಯಾದ ಮೇಲೆ ನಮಗೆ ನಾಲ್ಕು ಪುಟಗಳ ಪತ್ರವೊಂದನ್ನು ಬರೆದಿದ್ದರು. ಅಕ್ಷರ ಕನ್ನಡ, ನಡುನಡುವೆ ತಮಿಳು ಮಾತು. ನಮ್ಮ ಕಡೆಯ ಪತ್ರಗಳು ಬಹಳಮಟ್ಟಿಗೆ ಹೀಗೆಯೇ ಇರುತ್ತವೆ, ಅದರಲ್ಲಿ ನಾಚಬೇಕಾದುದೇನೂ ಇಲ್ಲ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಿರಿಯ ಮಗಳ ಮದುವೆ ಆಡಿ ಕಳೆದು ಆವಣಿಗೆ ನಿಶ್ಚಯವಾಗಿತ್ತು. ಗಂಡಿನ ಮನೆಯವರು ತಿರುಪ್ಪೂರಿನವರು. ಬನಿಯನ್ ಬಟ್ಟೆಗೆ ಬಣ್ಣ ಹಾಕಿಸುವ ಉದ್ಯಮ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು. ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದ್ದಾಗ ಕಲ್ಯಾಣಮಂಟಪದ ಅಲಂಕಾರವನ್ನು ವಹಿಸಿಕೊಂಡವರು ಒಂದು ಕಾರ್ಡನ್ನು ಮುಂದಿಟ್ಟರಂತೆ. ಅದರಲ್ಲಿ ಐದು ಬಣ್ಣದ ಚೌಕಗಳು: ತಿಳಿಗುಲಾಬಿ, ಪೀಚ್, ಪುದೀನದ ಹಸಿರು, ಲ್ಯಾವೆಂಡರ್, ಕೆನೆಬಿಳಿ. ಇದು ಮದುವೆಯ 'ಥೀಮ್'. ಹೂವು, ಪರದೆ, ಕುರ್ಚಿಯ ಹೊದಿಕೆ, ಆಮಂತ್ರಣ ಪತ್ರಿಕೆ, ಹತ್ತಿರದ ಬಂಧುಗಳ ಸೀರೆ, ಎಲ್ಲವೂ ಈ ಐದರೊಳಗೇ ಇರಬೇಕು.

ಆ ಮನೆಯಲ್ಲಿ ಪೆಟ್ಟಿಗೆಯೊಳಗೆ ಒಂದು ಸೀರೆ ಇದೆ. ತಾಯಿಯ ಮಾವನವರು, ಎಂದರೆ ವಧುವಿನ ಅಜ್ಜ, ತಮ್ಮ ಮಗ್ಗದಲ್ಲಿಯೇ ನೇಯ್ದದ್ದು. ಈ ಪತ್ರ ಬರೆದ ತಾಯಿ ತಮ್ಮ ಮುಹೂರ್ತಕ್ಕೆ ಉಟ್ಟದ್ದು. ಅರಗಿನ ಬಣ್ಣದ ಒಡಲು, ಸಾಸಿವೆ ಹಳದಿಯ ಅಂಚು. ಮಗಳು ಉಡುವಳೆಂದು ಎತ್ತಿಟ್ಟಿದ್ದರು. "ಅದು ಈ ಕಾರ್ಡಿಗೆ ಹೊಂದುವುದಿಲ್ಲವಮ್ಮಾ" ಎಂದಳಂತೆ ಮಗಳು. ಜಗಳವೇನೂ ಆಗಲಿಲ್ಲ, ಅಜ್ಜಿ ಸೀರೆಯನ್ನು ಮಡಿಚಿ ಮತ್ತೆ ಒಳಗಿಟ್ಟರು, ಅಷ್ಟೆ. ಪತ್ರದ ಕೊನೆಯಲ್ಲಿ ಎರಡು ಸಾಲುಗಳಿದ್ದವು: "ಯಜಮಾನರು ಹೋಗಿ ಆರು ವರ್ಷವಾಯಿತು. ಈ ಕಾರ್ಡಿನಲ್ಲಿ ನನಗೆ ಯಾವ ಬಣ್ಣವೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ."

ನಾವು ಈ ಪತ್ರವನ್ನು ಬಹಳ ದಿನ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದೆವು. ಇಂದಿನ ಮಕ್ಕಳಿಗೆ ಎಲ್ಲವೂ ಫೋಟೋಕ್ಕಾಗಿ ಎಂದು ಗೊಣಗಿ ಮುಗಿಸುವುದು ಸುಲಭ. ಆದರೆ ಆ ಹುಡುಗಿಯ ಅಪೇಕ್ಷೆ ತಪ್ಪೆಂದು ನಮಗೆ ತೋರಲಿಲ್ಲ. ಮದುವೆಯೆಂಬುದು ಕಣ್ಣಿಗೆ ಒಂದಾಗಿ ಕಾಣಬೇಕೆಂಬ ಆಸೆ ಹೊಸದೂ ಅಲ್ಲ. ನಮ್ಮ ಅಜ್ಜಂದಿರ ಮನೆಯ ಮದುವೆಗಳಿಗೂ ಥೀಮ್ ಇತ್ತು. ಅದಕ್ಕೆ ಆ ಹೆಸರಿರಲಿಲ್ಲ. ತೆಂಗಿನ ಗರಿಯ ಚಪ್ಪರ, ಬಾಗಿಲಿಗೆ ಗೊನೆಸಹಿತವಾದ ಬಾಳೆಯ ಕಂಬ, ಮಾವಿನ ತೋರಣ, ಕಲಶದಲ್ಲಿ ಹೊಂಬಾಳೆ, ಅರಿಶಿನ ಮೆತ್ತಿದ ಅಕ್ಷತೆ, ಮಲ್ಲಿಗೆಯ ದಂಡೆ, ಕುಂಕುಮ. ಹಸಿರು, ಹಳದಿ, ಕೆಂಪು, ನಡುವೆ ಉಸಿರಾಡಲು ಬಿಳುಪು. ತೋಟವೂ ಅಡುಗೆಮನೆಯೂ ಆರಿಸಿಕೊಟ್ಟ ಬಣ್ಣಗಳವು. ತಪ್ಪುವುದಕ್ಕೆ ಅವಕಾಶವೇ ಇರಲಿಲ್ಲ. ಅದನ್ನು ಕೆಡಿಸಿದವರು ನಾವು, ನಡುವಣ ತಲೆಮಾರಿನವರು. ಬಾಡಿಗೆಯ ಶಾಮಿಯಾನದ ನೀಲಿ ಗುಲಾಬಿ ನೆರಿಗೆಗಳು, ಪ್ಲಾಸ್ಟಿಕ್ ಹೂವಿನ ಕಮಾನು, ಮಿಣಮಿಣ ಉರಿಯುವ ಸೀರಿಯಲ್ ದೀಪ, ಸಿಂಹಾಸನದಂತಹ ಕೆಂಪು ವೆಲ್ವೆಟ್ ಕುರ್ಚಿ, ಸಿಕ್ಕಿದ್ದನ್ನೆಲ್ಲ ಒಟ್ಟಿಗೆ ತಂದು ಕಟ್ಟಿದೆವು. ಆ ಗದ್ದಲದ ಆಲ್ಬಮ್ಮುಗಳನ್ನು ನೋಡಿ ಬೆಳೆದ ಮಕ್ಕಳು ತಿಳಿಬಣ್ಣಕ್ಕೆ ಓಡಿದರೆ ಅವರನ್ನು ದೂರುವ ಹಕ್ಕು ನಮಗೆಲ್ಲಿದೆ?

ನಮ್ಮ ಆಕ್ಷೇಪ ಒಂದೇ. ಬಣ್ಣಗಳು ಆ ಕಾರ್ಡಿನಿಂದ ಸೀರೆಯ ಕಡೆಗೆ ಬಂದವು. ಬರಬೇಕಾದುದು ಸೀರೆಯಿಂದ ಕಾರ್ಡಿನ ಕಡೆಗೆ. ಇದನ್ನು ನಾವು ಭಾವುಕತೆಯಿಂದ ಹೇಳುತ್ತಿಲ್ಲ. ನಮ್ಮ ಜನರ ಕಸುಬೇ ಅದು.

ಕೋಯಮತ್ತೂರು ಸೀಮೆಗೆ ಕನ್ನಡ ಬಂದದ್ದು ಬಹುಮಟ್ಟಿಗೆ ಮಗ್ಗದ ಜೊತೆಯಲ್ಲಿ ಮತ್ತು ನೇಗಿಲಿನ ಜೊತೆಯಲ್ಲಿ. ಒಕ್ಕಲಿಗರು ಹೊಲ ಹಿಡಿದರು. ದೇವಾಂಗರು ಊರೂರಿನಲ್ಲಿ ಮಗ್ಗ ಹೂಡಿದರು. ಭವಾನಿ ನದಿಯ ದಡದ ಸಿರುಮುಗೈಯ ರೇಷ್ಮೆ, ಪೊಳ್ಳಾಚಿಯ ಹತ್ತಿರದ ನೆಗಮದ ಹತ್ತಿ ಸೀರೆ, ರೇಷ್ಮೆಯನ್ನೂ ಹತ್ತಿಯನ್ನೂ ಬೆರೆಸಿ ನೇಯುವ ಕೋವೈ ಕೋರಾ, ಇವೆಲ್ಲದರ ಹಿಂದೆ ಮನೆಯಲ್ಲಿ ಕನ್ನಡ ಮಾತನಾಡುವ ಕೈಗಳಿವೆ. ಕೋರಾ ಸೀರೆಗೂ ನೆಗಮದ ಸೀರೆಗೂ ಈಗ ಭೌಗೋಳಿಕ ಗುರುತು ದೊರೆತಿದೆ. ಹಿರಿಯರಿಗೆ ನೆನಪಿರಬಹುದು, 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಗುವವರೆಗೆ ರೇಷ್ಮೆಯ ಕೊಳ್ಳೇಗಾಲವೂ ಕೋಯಮತ್ತೂರು ಜಿಲ್ಲೆಯ ಒಂದು ತಾಲೂಕಾಗಿತ್ತು. ಗಡಿಯ ಗೆರೆ ನಡುವೆ ಬಂದಿತು; ಸೀರೆಯ ಅಂಚು ಹಾಗೆಯೇ ಉಳಿಯಿತು.

ದೇವಾಂಗರ ಪುರಾಣದ ಕಥೆಯಲ್ಲಿ ದೇವಲ ಮಹರ್ಷಿ ತಂದ ಮೊದಲ ನೂಲಿಗೆ ಐದು ಬಣ್ಣ ದೊರೆತದ್ದು ಚೌಡೇಶ್ವರಿ ಕೊಂದ ರಾಕ್ಷಸರ ರಕ್ತದಿಂದ ಎನ್ನುತ್ತಾರೆ: ಬಿಳಿ, ಕಪ್ಪು, ಕೆಂಪು, ಹಸಿರು, ಹಳದಿ. ಅಲಂಕಾರದವರ ಐದು ಚೌಕಗಳನ್ನು ಕುರಿತು ಓದುವಾಗ ನಮಗೆ ಈ ಐದು ನೆನಪಾಗಿ ಸಣ್ಣಗೆ ನಗು ಬಂದಿತು. ನೇಕಾರರ ಮನೆಯ ಬಣ್ಣದ ಹೆಸರುಗಳನ್ನೇ ನೋಡಿರಿ: ಅರಗು, ನವಿಲುಗೊರಳು, ಗಿಳಿಹಸಿರು, ಈರುಳ್ಳಿ ಸಿಪ್ಪೆ, ಮೆಂತ್ಯ, ಬದನೆ, ಕನಕಾಂಬರ, ಮಾವಿನಹಣ್ಣು. ಈರುಳ್ಳಿ ಸಿಪ್ಪೆಯ ಬಣ್ಣವೆಂದರೆ ಪಲ್ಲಡದ ಸಂತೆಗೆ ಹೋದವರಿಗೆ ಯಾವ ಕಾರ್ಡೂ ಬೇಡ. ಬೆಂಗಳೂರಿನ ಹುಡುಗಿ ತಿಳಿಗುಲಾಬಿಯೆಂದು ಬಯಸಿದ್ದು ಕೂಡ ಸರಿಸುಮಾರು ಅದನ್ನೇ.

ಇನ್ನು ಮಗ್ಗದ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಆ ತಾಯಿಗೆ ನಾವು ಬರೆದ ಉತ್ತರ ಅದರಲ್ಲಿಯೇ ಇತ್ತು. ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ ನೂಲು ಹಾಸು. ಲಾಳಿಯಲ್ಲಿ ಅಡ್ಡಕ್ಕೆ ಹೋಗಿಬರುವುದು ಹೊಕ್ಕು. ಎರಡೂ ಒಂದೇ ಬಣ್ಣವಾದರೆ ಬಟ್ಟೆ ಗಟ್ಟಿಯಾದ ಒಂದೇ ಬಣ್ಣ. ಹಾಸು ಒಂದು, ಹೊಕ್ಕು ಇನ್ನೊಂದು ಬಣ್ಣವಾದರೆ ರೇಷ್ಮೆಯಲ್ಲಿ ಎರಡೂ ಮಿಂಚುತ್ತವೆ. ಮಡಿಕೆ ತಿರುಗಿದಂತೆ ಬಣ್ಣವೂ ತಿರುಗುತ್ತದೆ. ನೀಲಿಗೆ ಹಸಿರು ಸೇರಿದರೆ ನವಿಲುಗೊರಳು. ಕೆಂಪಿಗೆ ಹಳದಿ ಸೇರಿದರೆ ಕೆಂಡ. ಕೆಂಪಿಗೆ ನೀಲಿ ಸೇರಿದರೆ ಬದನೆ. ಕೆಂಪಿಗೆ ಹಸಿರು ಸೇರಿದರೆ ಎರಡೂ ಒಂದನ್ನೊಂದು ತಗ್ಗಿಸಿ ಹುಣಸೆಹಣ್ಣಿನಂತಹ ಕಂದು ಛಾಯೆ ಹುಟ್ಟುತ್ತದೆ. ಅಂಚು ಬೇರೆ ಬಣ್ಣವಾಗಿ, ಒಡಲಿಗೆ ಕೊಂಡಿ ಹಾಕಿದಂತೆ ಕೂಡಬೇಕಾದರೆ ಮೂರು ಲಾಳಿ ಬೇಕು. ಅದನ್ನು ಇಲ್ಲಿ ಕೋರ್ವೈ ಎನ್ನುತ್ತಾರೆ. ಅಂಚಿನ ನೂಲೂ ಹಾಸಿನ ಎರಡು ಬದಿಗಳಲ್ಲಿಯೇ ಕಟ್ಟಿರುತ್ತದೆ. ಆದ್ದರಿಂದ ಒಂದು ಹಾಸನ್ನು ಮೂರು ನಾಲ್ಕು ಸೀರೆಗಾಗುವಷ್ಟು ಉದ್ದಕ್ಕೆ ಹೂಡಿ, ಒಡಲಿನ ಹೊಕ್ಕನ್ನು ಮಾತ್ರ ಬದಲಿಸುತ್ತ ಹೋದರೆ, ಅಂಚು ಒಂದೇ ಆಗಿದ್ದು ಒಡಲು ಬೇರೆ ಬೇರೆಯಾದ ಸೀರೆಗಳು ಒಂದರ ಹಿಂದೆ ಒಂದು ಇಳಿಯುತ್ತವೆ. ನೋಡಿದವರಿಗೆ ಅಕ್ಕತಂಗಿಯರೆಂದು ತಿಳಿಯುತ್ತದೆ, ಅವಳಿಗಳೆಂದು ಅಲ್ಲ.

ನಾವು ಬರೆದೆವು: ತಾಯೀ, ನಿಮ್ಮ ಮಾವನವರ ಸೀರೆಯನ್ನೇ ಥೀಮ್ ಮಾಡಿರಿ. ಮಗಳನ್ನು ಬಲವಂತದಿಂದ ಉಡಿಸಬೇಡಿರಿ. ಸೀರೆಯನ್ನು ಹಗಲಿನ ಬೆಳಕಿನಲ್ಲಿ ಬಿಡಿಸಿ ನೋಡಿರಿ. ಎಷ್ಟೋ ವರ್ಷ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಮಡಿಕೆಯಲ್ಲಿಯೇ ಸೀಳಿರಬಹುದು. ಹಾಗಿದ್ದರೆ ಅದು ಉಡುವುದಕ್ಕಲ್ಲ, ಮಾದರಿಗೆ. ಅದರ ಒಡಲು ಒಂದು ಬಣ್ಣ, ಅಂಚು ಒಂದು ಬಣ್ಣ, ಇವೆರಡು ಸಾಕು. ಮೂರನೆಯದಾಗಿ ಎಲೆಯ ಹಸಿರನ್ನು ತೋಟವೇ ಕೊಡುತ್ತದೆ. ಐದು ಬಣ್ಣವೆಂದರೆ ಐದು ಕಡೆ ವಾದ. ಸಂಜೆಯ ಆರತಕ್ಷತೆಯನ್ನು ಮಗಳಿಗೇ ಬಿಟ್ಟುಬಿಡಿರಿ. ಪೀಚ್ ಆದರೂ ಪುದೀನವಾದರೂ ಅವಳ ಇಷ್ಟ.

ಸೀರೆಯ ಹಿಂದೆ ಬರುವ ಪರದೆಯ ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆಶಾಲೆಯಲ್ಲಿ ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಶೆವ್ರೊಲ್ ಎಂಬ ರಸಾಯನಶಾಸ್ತ್ರಜ್ಞರಿಗೆ, ಅಲ್ಲಿಯ ಕಪ್ಪು ನೂಲು ಕಳೆಗುಂದಿದೆಯೆಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ಕಪ್ಪಿನಲ್ಲಿ ದೋಷವಿರಲಿಲ್ಲ. ಅದರ ಪಕ್ಕದಲ್ಲಿ ನೇಯ್ದ ಬಣ್ಣಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. 1839ರಲ್ಲಿ ಅವರು ಇದನ್ನೇ ಒಂದು ದೊಡ್ಡ ಗ್ರಂಥವಾಗಿ ಬರೆದರು. ನಮ್ಮ ನೇಕಾರರು ಗ್ರಂಥ ಬರೆಯಲಿಲ್ಲ, ಆದರೆ ಅರಗಿನ ಒಡಲಿಗೆ ಗಿಳಿಹಸಿರು ಅಂಚನ್ನೋ ಸಾಸಿವೆಯ ಅಂಚನ್ನೋ ಇಟ್ಟವರಿಗೆ ವಿಷಯ ತಿಳಿದೇ ಇತ್ತು. ಅರಗಿನ ಬಣ್ಣದ ಸೀರೆಯುಟ್ಟ ಹುಡುಗಿಯನ್ನು ಕೆಂಪು ಪರದೆಯ ಮುಂದೆ ಕೂರಿಸಿದರೆ ಮುಖವೊಂದೇ ತೇಲುತ್ತದೆ, ಸೀರೆ ಕಾಣುವುದಿಲ್ಲ. ಅದೇ ಬಾಳೆಯೆಲೆ, ತೆಂಗಿನ ಗರಿಗಳ ಮುಂದೆ ಕೂರಿಸಿರಿ. ಅಲಂಕಾರದವರಿಗೆ ಹೆಚ್ಚಿನ ಕೆಲಸವಿರುವುದಿಲ್ಲ, ಅದೂ ಒಂದು ಲಾಭವೇ.

ನಮ್ಮ ಸಲಹೆಯನ್ನು ಆ ಮನೆಯವರು ಒಪ್ಪುವರೋ ಇಲ್ಲವೋ ಎಂಬ ಅಂಜಿಕೆ ನಮಗಿತ್ತು, ಏಕೆಂದರೆ ಈ ಕಡೆ ಮುಹೂರ್ತದ ಸೀರೆಯನ್ನು ಗಂಡಿನ ಮನೆಯವರು ತರುವುದು ವಾಡಿಕೆ. ಅವರ ಒಪ್ಪಿಗೆಯಿಲ್ಲದೆ ಒಂದು ನೂಲೂ ಕದಲದು. ಆದರೆ ನೆರವಿಗೆ ಬಂದವರು ವರನ ತಂದೆಯವರೇ. ಬಣ್ಣದ ವ್ಯವಹಾರದಲ್ಲಿಯೇ ಕೂದಲು ನರೆತವರು. ತಿರುಪ್ಪೂರಿನಲ್ಲಿ ಒಂದು ಬಣ್ಣವನ್ನು ಒಪ್ಪಿಸುವುದೆಂದರೆ ಸಾಮಾನ್ಯವಲ್ಲ. ಮೊದಲು ಅಂಗೈಯಗಲದ ಬಟ್ಟೆಗೆ ಬಣ್ಣ ಹಾಕಿ 'ಲ್ಯಾಬ್ ಡಿಪ್' ಎಂದು ಕಳುಹಿಸಬೇಕು, ಅದನ್ನು ಒಂದು ಪೆಟ್ಟಿಗೆಯೊಳಗಿಟ್ಟು ಹಗಲಿನ ಬೆಳಕು, ಅಂಗಡಿಯ ದೀಪ, ಮನೆಯ ದೀಪ ಎಂದು ಬೇರೆ ಬೇರೆ ಬೆಳಕಿನಲ್ಲಿ ನೋಡಬೇಕು. ಒಂದು ಬೆಳಕಿನಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಹೊಂದದಿದ್ದರೆ ಸರಕು ವಾಪಸು. ಅವರು ಹಳೆಯ ಸೀರೆಯನ್ನು ಕೈಗೆತ್ತಿಕೊಂಡು ಮೇಲ್ಮೈಯನ್ನು ನೋಡಲೇ ಇಲ್ಲವಂತೆ; ನೇರವಾಗಿ ಒಳಮಡಿಕೆಯನ್ನು ಬಿಡಿಸಿ, ಬೆಳಕು ತಾಗದೆ ಉಳಿದಿದ್ದ ಎರಡಂಗುಲದ ಮೂಲ ಬಣ್ಣವನ್ನು ತೋರಿಸಿ, "ಇದು ನಿಮ್ಮ ಮಾವನವರು ನೇಯ್ದ ಬಣ್ಣ, ಮೇಲಿನದು ಕಾಲ ನೇಯ್ದದ್ದು" ಎಂದರಂತೆ. ಅದನ್ನು ಯಂತ್ರದಲ್ಲಿ ಅಳೆಯಿಸಿ, ಅಂಕಿಗಳ ಚೀಟಿಯನ್ನು ಸಿರುಮುಗೈಯ ನೇಕಾರರಿಗೆ ಕೊಟ್ಟರು. ಸೀಳು ಬಿಟ್ಟಿದ್ದುದು ನಿಜ. ಉಡಲು ಬಾರದು ಎಂದೂ ಅವರೇ ಹೇಳಿದರು.

ಇಲ್ಲಿ ಒಂದು ಮಾತನ್ನು ಎಲ್ಲ ಓದುಗರಿಗೂ ಹೇಳುತ್ತೇವೆ. ನಮ್ಮ ಕಡೆಯ ಮುಹೂರ್ತಗಳು ಬಹಳವಾಗಿ ನಸುಕಿನಲ್ಲಿ. ಸೀರೆ ಕೊಳ್ಳುವುದು ಮಧ್ಯಾಹ್ನ, ಅಂಗಡಿಯ ಉರಿಯುವ ದೀಪದಡಿ. ಒಪ್ಪಣಕ್ಕಾರ ಬೀದಿಯಲ್ಲಾಗಲಿ ಕ್ರಾಸ್‌ಕಟ್ ರಸ್ತೆಯಲ್ಲಾಗಲಿ ಸೀರೆಯನ್ನು ಬಾಗಿಲಿನ ತನಕ ತಂದು ಬಿಸಿಲಿನಲ್ಲಿ ನೋಡುತ್ತೇವೆಂದರೆ ಒಳ್ಳೆಯ ಅಂಗಡಿಯವರು ಬೇಡವೆನ್ನುವುದಿಲ್ಲ. ಮಂಟಪದ ದೀಪ ಹಳದಿಯೋ ಬಿಳುಪೋ ಎಂಬುದನ್ನೂ ಮೊದಲೇ ಕೇಳಿರಿ. ಹಳದಿ ದೀಪದಲ್ಲಿ ಕೆನೆಬಿಳಿ ಬೆಣ್ಣೆಯಂತಾಗುತ್ತದೆ, ಲ್ಯಾವೆಂಡರ್ ಬೂದಿಯಾಗುತ್ತದೆ. ಆಡಿ ತಿಂಗಳ ರಿಯಾಯಿತಿಯಲ್ಲಿ ಒಂದೇ ಬಣ್ಣದ ಹತ್ತು ಸೀರೆ ಕೊಳ್ಳುವವರು ಹತ್ತನ್ನೂ ಪಕ್ಕಪಕ್ಕ ಹರಡಿ ನೋಡಬೇಕು. ಬಣ್ಣದ ತೊಟ್ಟಿ ಬೇರೆಯಾದರೆ ಛಾಯೆ ಬೇರೆಯಾಗುತ್ತದೆ. ರೇಷ್ಮೆಯೆಂದು ಹೇಳಿದ್ದನ್ನು ಸಿಲ್ಕ್ ಮಾರ್ಕ್ ಚೀಟಿ ನೋಡಿಯೇ ಕೊಳ್ಳಿರಿ. ಇಲ್ಲವೇ ಸೆರಗಿನ ಒಂದೆಳೆ ಸುಟ್ಟು ನೋಡಿರಿ, ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಿನಲ್ಲಿ ಪುಡಿಯಾಗಬೇಕು, ಅಂಟಾಗಿ ಮುದ್ದೆಕಟ್ಟಬಾರದು.

ಬಂಧುಗಳ ಏಕರೂಪದ ಸೀರೆಯ ವಿಷಯದಲ್ಲಿ ಮಾತ್ರ ನಾವು ಸ್ವಲ್ಪ ಕಠಿಣವಾಗಿಯೇ ಬರೆದೆವು. ಮದುವೆಯ ಮನೆಯವರೇ ನಲವತ್ತು ಸೀರೆ ಕೊಂಡರೆ ಸಾಲ ಅವರಿಗೆ. ಕೊಳ್ಳಿರೆಂದು ಬಣ್ಣ ಹೇಳಿ ಕಳುಹಿಸಿದರೆ ಸಾಲ ಬಂಧುಗಳಿಗೆ. ಸೋಮನೂರಿನಲ್ಲಿ ಪವರ್‌ಲೂಮಿಗೆ ಕೂಲಿಗೆ ಹೋಗುವ ದೊಡ್ಡಮ್ಮನ ಸೊಸೆ ಆ ಪುದೀನದ ಬಣ್ಣದ ಸೀರೆಯನ್ನು ಮತ್ತೆಲ್ಲಿಗೆ ಉಟ್ಟುಹೋಗಬೇಕು? ಸೀರೆಯಿಲ್ಲವೆಂದು ಮದುವೆಗೇ ಬಾರದೆ ಹೊಟ್ಟೆನೋವೆಂದು ಹೇಳಿ ಕಳುಹಿಸಿದವರನ್ನು ನಾವು ಬಲ್ಲೆವು. ಇನ್ನೊಂದು ಸಾಲವೂ ಇದೆ. ವೆಳ್ಳಿಯಂಗಿರಿಯ ಬೆಟ್ಟದಲ್ಲಿ ಹುಟ್ಟಿ ಕೋಯಮತ್ತೂರು, ತಿರುಪ್ಪೂರುಗಳನ್ನು ಹಾದು ನಮ್ಮ ಕೊಡಗಿನ ಕಾವೇರಿಯನ್ನೇ ಸೇರುವ ನೊಯ್ಯಲ್ ನದಿ ಎಷ್ಟೋ ವರ್ಷ ಲೋಕದ ಬನಿಯನ್ನುಗಳ ಬಣ್ಣವನ್ನು ಹೊತ್ತು ಹರಿಯಿತು. 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಬೇಕಾಯಿತು, ಹೊಲಸು ನೀರನ್ನು ಒಂದು ತೊಟ್ಟೂ ಹೊರಬಿಡದ ವ್ಯವಸ್ಥೆಯ ಮೇಲೆಯೇ ಅವು ಮತ್ತೆ ತೆರೆಯಬೇಕಾಯಿತು. ಒಂದು ದಿನದ ಫೋಟೋಕ್ಕೆ ನಲವತ್ತು ಬಟ್ಟೆಗೆ ಬಣ್ಣ ಹಾಕಿಸುವವರು ಇದನ್ನು ತಿಳಿದಿರಬೇಕು. ಈ ಸೀಮೆಯಲ್ಲಿರುವ ನಮಗೆ ತಿಳಿಯದೆನ್ನಲು ಬಾರದು.

ಬಂಧುಗಳಿಗೆ ಅವರು ಕೊನೆಗೆ ಹೇಳಿದ್ದು ಇಷ್ಟೇ: ಮನೆಯಲ್ಲಿರುವ ಹಳದಿ ಅಥವಾ ಹಸಿರು ಸೀರೆಯನ್ನು ಉಟ್ಟು ಬನ್ನಿ, ಇಲ್ಲದಿದ್ದರೆ ಇರುವುದನ್ನು ಉಟ್ಟು ಬನ್ನಿ.

ಈಗ ಪತ್ರದ ಕೊನೆಯ ಸಾಲಿಗೆ ಬರಬೇಕು. ಗಂಡನನ್ನು ಕಳೆದುಕೊಂಡವರಿಗೆ ಬಣ್ಣವೇ ಇಲ್ಲವೆಂದು ತೀರ್ಮಾನಿಸಿದವರು ಯಾರು? ನಮ್ಮ ಅಜ್ಜಿಯರ ಕಾಲದಲ್ಲಿ ಅದನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಈಗ ಹೇಳುವುದಿಲ್ಲ, ಕಾರ್ಡಿನಲ್ಲಿ ಒಂದು ಚೌಕ ಕಡಿಮೆ ಮಾಡುತ್ತಾರೆ. ಮಗಳನ್ನು ಓದಿಸಿ, ಸಾಕಿ, ಸಂಬಂಧ ಹುಡುಕಿ, ಮಂಟಪಕ್ಕೆ ಮುಂಗಡ ಕೊಟ್ಟು ಬಂದ ಹೆಂಗಸು ಮುಹೂರ್ತದ ಹೊತ್ತಿಗೆ ತಿಳಿಬೂದಿ ಬಣ್ಣದ ಸೀರೆಯುಟ್ಟು ಕಂಬದ ಹಿಂದೆ ನಿಲ್ಲುವುದನ್ನು ನಾವು ಎಷ್ಟು ಮದುವೆಗಳಲ್ಲಿ ಕಂಡಿಲ್ಲ! ಬಣ್ಣಗಳನ್ನು ಹೊಂದಿಸಲು ಇಷ್ಟೊಂದು ಶ್ರಮಪಡುವವರು ಮೊದಲು ಹೊಂದಿಸಬೇಕಾದದ್ದು ಆ ಒಂದು ಸೀರೆಯನ್ನು. ನಾವು ಬರೆದ ಉತ್ತರದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದು, ಹಾಸು ಹೂಡುವಾಗ ನಿಮ್ಮ ಸೀರೆಯನ್ನೂ ಅದರಲ್ಲಿಯೇ ಸೇರಿಸಿಕೊಳ್ಳಿರಿ, ಹೊಕ್ಕಿನ ಬಣ್ಣವನ್ನು ಮಗಳೇ ಆರಿಸಲಿ ಎಂದು ಕೇಳಿಕೊಂಡೆವು.

ಆವಣಿಯ ಆ ಮದುವೆಗೆ ನಮ್ಮನ್ನೂ ಕರೆದಿದ್ದರು. ಆಮಂತ್ರಣ ಪತ್ರಿಕೆ ಸಾಸಿವೆ ಬಣ್ಣದ ಕಾಗದದ ಮೇಲೆ ಅರಗಿನ ಬಣ್ಣದ ಅಕ್ಷರ, ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತಮಿಳು. ಕನ್ನಡದಲ್ಲಿ ಎರಡು ಒತ್ತಕ್ಷರ ತಪ್ಪಿದ್ದವು, ಕ್ಷಮಿಸಿದೆವು. ಬಾಗಿಲಲ್ಲಿ ಬಾಳೆ, ವೇದಿಕೆಯ ಹಿಂದೆ ತೆಂಗಿನ ಗರಿಯ ಹೆಣಿಗೆ, ಚೆಂಡುಹೂ, ಮಲ್ಲಿಗೆ. ಅಂದು ದೊಡ್ಡ ಮುಹೂರ್ತದ ದಿನ, ಮಲ್ಲಿಗೆಯ ಬೆಲೆಯನ್ನು ಕೇಳಿದವರು ಕೇಳಿದ್ದನ್ನು ಮರೆಯಲು ಯತ್ನಿಸುತ್ತಿದ್ದರು.

ಒಂದು ಹಾಸಿನಲ್ಲಿ ನಾಲ್ಕು ಸೀರೆ ಇಳಿದಿದ್ದವು. ವಧುವಿಗೆ ಅರಗಿಗೆ ಅರಗೇ ಹೊಕ್ಕು, ಅಜ್ಜನ ಸೀರೆ ಹೇಗಿತ್ತೋ ಹಾಗೆಯೇ. ವರನ ತಾಯಿಗೆ ಹಳದಿಯ ಹೊಕ್ಕು, ಕೆಂಡದ ಬಣ್ಣ. ಅಜ್ಜಿಗೆ ಹಸಿರಿನ ಹೊಕ್ಕು, ಹುಣಸೆಹಣ್ಣಿನ ಬಣ್ಣ. ಅದನ್ನು ಅವರೇ ಕೇಳಿ ಹಾಕಿಸಿಕೊಂಡಿದ್ದರು. ತಾಯಿಗೆ ಮಗಳು ಆರಿಸಿದ್ದು ನೀಲಿ. ದೀಪದ ಬೆಳಕಿನಲ್ಲಿ ಎಳೆ ಬದನೆಯಂತೆ ಮಿಂಚುತ್ತಿದ್ದ ಆ ಸೀರೆಯನ್ನುಟ್ಟು ಅವರು ಬೆಳಗಿನ ಜಾವ ಮೂರು ಗಂಟೆಯಿಂದಲೂ ಅಡುಗೆಮನೆಗೂ ಮಂಟಪಕ್ಕೂ ಓಡಾಡುತ್ತಿದ್ದರು. ಧಾರೆಯ ನೀರನ್ನು ಸೋದರಮಾವ ದಂಪತಿಗಳು ಎರೆದರು. ಅಷ್ಟು ದೂರ ಇನ್ನೂ ನಮ್ಮವರು ಬಂದಿಲ್ಲ. ಆದರೆ ತಾಯಿ ಕಂಬದ ಹಿಂದೆ ಇರಲಿಲ್ಲ, ಅಣ್ಣನ ಪಕ್ಕದಲ್ಲಿಯೇ ನಿಂತಿದ್ದರು.

ಫೋಟೋ ತೆಗೆಯುವ ಹೊತ್ತಿಗೆ ಅಭ್ಯಾಸಬಲದಿಂದ ಸರಿದುಹೋಗುತ್ತಿದ್ದವರನ್ನು ಫೋಟೋ ತೆಗೆಯುವ ಹುಡುಗನೇ ತಮಿಳಿನಲ್ಲಿ ಕೂಗಿ ಕರೆದ: ಅಮ್ಮಾ, ಅಂಚು ಒಂದೇ ಇದೆಯಲ್ಲ, ನೀವೂ ಈ ಸಾಲಿನವರೇ ತಾನೆ, ಬನ್ನಿ. ಅಜ್ಜಿ ತಮ್ಮ ಸೆರಗನ್ನು ಸ್ವಲ್ಪ ಮುಂದಕ್ಕೆ ಎಳೆದು, ಸಾಸಿವೆಯ ಅಂಚು ಕಾಣುವಂತೆ ಸರಿಮಾಡಿಕೊಂಡರು. ಹಳೆಯ ಸೀರೆ ಮಡಿಕೆ ಬದಲಿಸಿ ಕಲಶದ ಕೆಳಗಿನ ಮಣೆಯ ಮೇಲೆ ಹಾಸಲ್ಪಟ್ಟಿತ್ತು.

ಊಟದ ಪಂಕ್ತಿಯಲ್ಲಿ ಸಿರುಮುಗೈಯ ಆ ನೇಕಾರರು ನಮ್ಮ ಪಕ್ಕದಲ್ಲಿ ಕುಳಿತಿದ್ದರು. ನಾಲ್ಕು ಸೀರೆ ಕತ್ತರಿಸಿಯಾದ ಮೇಲೆ ಹಾಸಿನ ತುದಿಯನ್ನು ಅಚ್ಚಿನಲ್ಲಿಯೇ ಬಿಟ್ಟಿದ್ದಾರಂತೆ. ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಆ ತುದಿಗೆ ಹೊಸೆದು ಕೂಡಿಸುವುದು ರೂಢಿ. ಕಿರಿಯ ಮಗಳಿಗೆ ಯಾವ ಬಣ್ಣವೆಂದು ತಾಯಿಯನ್ನು ಕೇಳಿದ್ದಾರೆ. ಅವಳು ಇನ್ನೂ ಹನ್ನೊಂದನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಅಷ್ಟು ವರ್ಷ ಮಗ್ಗ ಖಾಲಿಯಿರಲಾದೀತೆ ಎಂದು ಅವರೇ ನಕ್ಕು ಎಲೆಗೆ ರಸಂ ಹಾಕಿಸಿಕೊಂಡರು.